ಅಪ್ಪನನ್ನು ಟ್ರಯಲ್‌ಗೆ ಸೇರಿಸಬೇಕಾ? ಅದಕ್ಕೂ ಮೊದಲು ಇನ್ನೊಂದು ಎಕೋ

ಪ್ರಶ್ನೆ: ನಮ್ಮ ಅಪ್ಪನಿಗೆ 59 ವರ್ಷ. ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಯಿತು. ಅದೇ ರಾತ್ರಿ ಆಂಜಿಯೋಗ್ರಾಮ್ ಮಾಡಿ ಒಂದು ಸ್ಟೆಂಟ್ ಹಾಕಿದರು. ಮೂರನೇ ದಿನದ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತ, 38 ಪರ್ಸೆಂಟ್ ಅಂತ ಬಂದಿತ್ತು. ಐಸಿಯುನಲ್ಲಿ ಇದ್ದಾಗಲೇ ಒಬ್ಬರು ಫೈಲ್ ಹಿಡಿದು ಬಂದು, ಹೊಸ ಔಷಧದ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದರು. ನಾವು ಹೆದರಿ ಬೇಡ ಅಂದೆವು. ಈಗ ಅಪ್ಪ ಮನೆಯಲ್ಲಿದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಅವತ್ತು ಬೇಡ ಅಂದು ಒಳ್ಳೆಯ ಅವಕಾಶ ಕಳೆದುಕೊಂಡೆವಾ ಎಂದು ದಿನಾ ಕೊರೆಯುತ್ತದೆ. ಈಗಲಾದರೂ ಯಾವುದಾದರೂ ಟ್ರಯಲ್‌ಗೆ ಸೇರಿಸಬಹುದಾ? ಹುಡುಕುವುದು ಹೇಗೆ? 'ಪ್ರಯೋಗಪಶು ಮಾಡ್ತಾರೆ' ಅಂತ ದೊಡ್ಡಪ್ಪ ಹೆದರಿಸುತ್ತಾರೆ. ಮತ್ತೊಬ್ಬ ಸಂಬಂಧಿಕರು ಸ್ಟೆಮ್ ಸೆಲ್ ಟ್ರಯಲ್ ಒಂದರ ಜಾಹೀರಾತು ಕಳಿಸಿದ್ದಾರೆ. ಅದಕ್ಕೆ ಮೊದಲೇ ದೊಡ್ಡ ಮೊತ್ತ ಕಟ್ಟಬೇಕಂತೆ. ಸೇರಿದ ಮೇಲೆ ಸುಮ್ನೆ ಔಷಧವೇ ಇಲ್ಲದ ಸಪ್ಪೆ ಮಾತ್ರೆ ಕೊಟ್ಟರೆ ಏನು ಗತಿ? ಅಪ್ಪ ಮಾತ್ರ ಏನೂ ಹೇಳುವುದಿಲ್ಲ, 'ನೀವೇ ನೋಡಿ' ಅಂತಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಟ್ರಯಲ್ ಬಗ್ಗೆ ಕೇಳಿದ್ದೀರಿ ಅನಿಸಿತು. ಎರಡನೇ ಸಲ ಓದಿದಾಗ, ಎಲ್ಲಕ್ಕಿಂತ ಜಾಸ್ತಿ ನೋಯಿಸುತ್ತಿರುವುದು ಆ 'ಬೇಡ' ಅನ್ನುವ ಮಾತು ಎಂದು ಗೊತ್ತಾಯಿತು. ಅದಕ್ಕೇ ಮೊದಲು ಉತ್ತರಿಸುತ್ತೇನೆ.

ನೀವು ಅವಕಾಶ ಕಳೆದುಕೊಂಡಿಲ್ಲ. ಒಂದು ಔಷಧ ಕೆಲಸ ಮಾಡುತ್ತದೆ ಎಂದು ಆಗಲೇ ಗೊತ್ತಿದ್ದರೆ ಅದಕ್ಕೆ ಟ್ರಯಲ್ ಬೇಕಾಗಿಯೇ ಇರಲಿಲ್ಲ. ನೇರವಾಗಿ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಗೊತ್ತಿಲ್ಲ ಅನ್ನುವ ಕಾರಣಕ್ಕೇ ಟ್ರಯಲ್ ಮಾಡುತ್ತಾರೆ. ಫೈಲ್ ಹಿಡಿದು ಬಂದವರು ನಿಮಗೆ ಗುಣವಾಗುವ ಔಷಧ ಕೊಡಲು ಬಂದಿರಲಿಲ್ಲ. 'ನಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಇದೆ, ಉತ್ತರ ಹುಡುಕಲು ನೀವೂ ಜೊತೆಯಾಗುತ್ತೀರಾ' ಎಂದು ಕೇಳಲು ಬಂದಿದ್ದರು. ಅದಕ್ಕೆ ಬೇಡ ಅನ್ನುವ ಹಕ್ಕು ನಿಮಗಿತ್ತು. ಮಾನಿಟರ್ ಸದ್ದಿನ ಮಧ್ಯೆ, ನಿದ್ದೆಗೆಟ್ಟ ಕಣ್ಣಲ್ಲಿ, ಇಪ್ಪತ್ತು ಪುಟದ ಒಪ್ಪಿಗೆ ಪತ್ರ ಅರ್ಥವಾಗದೆ ಬೇಡ ಅಂದಿದ್ದರಲ್ಲಿ ತಪ್ಪೇನೂ ಇಲ್ಲ. ಅರ್ಥವಾಗದೆ ಹೂಂ ಅಂದಿದ್ದರೆ ನನಗೆ ಜಾಸ್ತಿ ಬೇಜಾರಾಗುತ್ತಿತ್ತು.

ಹೊಸದು ಅಂದರೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ಡಾಕ್ಟರುಗಳಲ್ಲೂ ಇದೆ. ಅದು ಎಷ್ಟು ದುಬಾರಿಯಾಗಬಹುದು ಎಂದು ಹೃದ್ರೋಗ ತಜ್ಞರು ಕಲಿತದ್ದು 1989ರಲ್ಲಿ. ಆಗ ಹಾರ್ಟ್ ಅಟ್ಯಾಕ್ ಆದವರಲ್ಲಿ ಹೃದಯ ನಡುನಡುವೆ ತಾಳ ತಪ್ಪಿ ಬಡಿಯುವುದು ಕಂಡರೆ, ಅದನ್ನು ಅಡಗಿಸುವ ಮಾತ್ರೆ ಕೊಡುತ್ತಿದ್ದರು. ತಾಳ ತಪ್ಪುವುದು ನಿಂತರೆ ಸಾವೂ ಕಮ್ಮಿಯಾಗುತ್ತದೆ ಎನ್ನುವುದು ಲೆಕ್ಕಾಚಾರ. ಕೇಳಲು ಸರಿಯಾಗಿಯೇ ಇದೆ ಅಲ್ವಾ? ಹಾಗಾದರೆ ಪರೀಕ್ಷಿಸಿಯೇ ಬಿಡೋಣ ಎಂದು 'ಕಾಸ್ಟ್' ಹೆಸರಿನ ಟ್ರಯಲ್ ನಡೆಸಿದರು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಎರಡು ಔಷಧಗಳ ಭಾಗದಲ್ಲಿ 1,498 ಜನ ಇದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದರ್ಧ ಜನಕ್ಕೆ ನೋಡಲು ಅದೇ ತರಹದ ಸಪ್ಪೆ ಮಾತ್ರೆ. ಸುಮಾರು ಹತ್ತು ತಿಂಗಳಲ್ಲಿ ನಿಜವಾದ ಮಾತ್ರೆ ತಿಂದವರಲ್ಲಿ 63 ಜನ ತೀರಿಕೊಂಡಿದ್ದರು. ಸಪ್ಪೆ ಮಾತ್ರೆಯವರಲ್ಲಿ 26 ಜನ. ಆ ಔಷಧಗಳನ್ನು ಅಲ್ಲಿಗೇ ನಿಲ್ಲಿಸಿದರು.

ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ನೀವು ಕೇಳಿದ 'ಸಪ್ಪೆ ಮಾತ್ರೆ ಬಂದರೆ ಏನು ಗತಿ' ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆ ಟ್ರಯಲ್‌ನಲ್ಲಿ ಸಪ್ಪೆ ಮಾತ್ರೆ ಬಂದವರೇ ಪುಣ್ಯವಂತರು. ಯಾವ ಗುಂಪಿಗೆ ಬಿದ್ದರೆ ಲಾಭ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಯಾರು ಯಾವ ಗುಂಪು ಎಂದು ಡಾಕ್ಟರು ಆರಿಸುವುದೂ ಇಲ್ಲ, ಅದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹಂಚುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಹಾರ್ಟ್ ಅಟ್ಯಾಕ್ ಟ್ರಯಲ್‌ಗಳಲ್ಲಿ ಸಪ್ಪೆ ಮಾತ್ರೆ ಕೊಡುತ್ತಾರೆ ಅಂದರೆ ಚಿಕಿತ್ಸೆಯನ್ನೇ ಕೊಡುವುದಿಲ್ಲ ಅಂತ ಅರ್ಥವಲ್ಲ. ಆಸ್ಪಿರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಇವೆಲ್ಲ ಎರಡೂ ಗುಂಪಿಗೆ ಇದ್ದೇ ಇರುತ್ತವೆ. ಅವುಗಳ ಮೇಲೆ ಹೆಚ್ಚುವರಿಯಾಗಿ ಒಬ್ಬರಿಗೆ ಹೊಸ ಔಷಧ, ಇನ್ನೊಬ್ಬರಿಗೆ ಸಪ್ಪೆ ಮಾತ್ರೆ. ಕೊಡಲೇಬೇಕಾದ ಔಷಧವನ್ನು ನಿಲ್ಲಿಸಿ ಏನಾಗುತ್ತದೆ ನೋಡೋಣ ಅನ್ನುವ ಟ್ರಯಲ್‌ಗೆ ಯಾವ ನೆಟ್ಟಗಿನ ಎಥಿಕ್ಸ್ ಕಮಿಟಿಯೂ (ಟ್ರಯಲ್ ನ್ಯಾಯವಾಗಿದೆಯಾ ಎಂದು ಪರಿಶೀಲಿಸುವ ಸಮಿತಿ) ಒಪ್ಪುವುದಿಲ್ಲ.

ನಿಮ್ಮ ದೊಡ್ಡಪ್ಪನ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಜನರನ್ನು ಕೇಳದೆ, ಹೇಳದೆ ಪ್ರಯೋಗ ಮಾಡಿದ ಕಾಲ ಇತ್ತು. ಆ ಅನ್ಯಾಯಗಳಿಂದಲೇ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು, 1964ರಲ್ಲಿ ಹೆಲ್ಸಿಂಕಿ ಘೋಷಣೆ ಬಂತು. ಪ್ರಯೋಗಪಶುವಿಗೂ ಟ್ರಯಲ್ ಸೇರಿದ ಮನುಷ್ಯನಿಗೂ ಇರುವ ವ್ಯತ್ಯಾಸ ಏನೆಂದರೆ, ಮನುಷ್ಯನಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು, ಮತ್ತು ಅವನು ಯಾವತ್ತು ಬೇಕಾದರೂ ಎದ್ದು ಹೋಗಬಹುದು. ಕಾರಣವನ್ನೂ ಹೇಳಬೇಕಿಲ್ಲ. ಹೋದ ಮೇಲೆ ಅವನ ಮಾಮೂಲಿ ಚಿಕಿತ್ಸೆಗೆ ಏನೂ ಕಮ್ಮಿಯಾಗಬಾರದು. ಇದರ ಜೊತೆಗೆ, ಟ್ರಯಲ್ ನಡೆಸುವವರಿಂದ ಬೇರೆಯಾದ ಒಂದು ತಜ್ಞರ ಸಮಿತಿ ಆಗಾಗ ಅಂಕಿ ಅಂಶ ತೆರೆದು ನೋಡುತ್ತದೆ. ಒಂದು ಗುಂಪಿಗೆ ತೊಂದರೆ ಜಾಸ್ತಿ ಆಗುತ್ತಿದ್ದರೆ ಮಧ್ಯದಲ್ಲೇ ನಿಲ್ಲಿಸಿ ಅನ್ನುತ್ತದೆ. 1989ರಲ್ಲಿ ಆದದ್ದು ಅದೇ.

ಈಗ ನಾಣ್ಯದ ಇನ್ನೊಂದು ಮುಖ ನೋಡಿ. ನಿಮ್ಮ ಅಪ್ಪನಿಗೆ ಎದೆ ನೋವು ಬಂದ ರಾತ್ರಿ, ಆಸ್ಪತ್ರೆಗೆ ಹೋದ ತಕ್ಷಣ ಒಂದು ಮಾತ್ರೆ ಕೊಟ್ಟು ಅಗಿಯಿರಿ ಅಂದಿರುತ್ತಾರೆ. ಅದು ಆಸ್ಪಿರಿನ್. ಅಷ್ಟು ಸಾಧಾರಣ ಮಾತ್ರೆಗೆ ಅಷ್ಟು ಶಕ್ತಿ ಇದೆ ಎಂದು ಖಚಿತವಾದದ್ದು 1988ರಲ್ಲಿ, 'ಐಸಿಸ್-2' ಎಂಬ ಟ್ರಯಲ್‌ನಿಂದ. 16 ದೇಶಗಳ 417 ಆಸ್ಪತ್ರೆಗಳಲ್ಲಿ 17,187 ಜನ ಅದಕ್ಕೆ ಸೇರಿದ್ದರು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಮತ್ತು ಆಸ್ಪಿರಿನ್ ಎರಡೂ ಸಿಕ್ಕವರಲ್ಲಿ ಐದು ವಾರದೊಳಗೆ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸತ್ತವರು 100ಕ್ಕೆ 8. ಎರಡೂ ಸಿಗದವರಲ್ಲಿ 13ಕ್ಕೂ ಸ್ವಲ್ಪ ಜಾಸ್ತಿ. ಅವರಲ್ಲಿ ಬಹಳಷ್ಟು ಜನರಿಗೂ ನಿಮ್ಮ ಅಪ್ಪನಂತೆ ಎದೆ ಹಿಡಿದುಕೊಂಡಿತ್ತು, ಮನೆಯವರು ಹೊರಗೆ ಕಾಯುತ್ತಿದ್ದರು. ಎರಡೂ ಸಿಗದ ಗುಂಪಿಗೆ ಬಿದ್ದವರನ್ನು ನೆನೆದರೆ ನನಗೆ ಇವತ್ತಿಗೂ ಮನಸ್ಸು ಭಾರವಾಗುತ್ತದೆ. ಅವರಿಂದಲೇ ನಮಗೆ ಗೊತ್ತಾದದ್ದು.

ಇಷ್ಟು ಹಿನ್ನೆಲೆ ಸಾಕು. ನಿಮ್ಮ ಅಪ್ಪನ ವಿಷಯಕ್ಕೆ ಬರುತ್ತೇನೆ.

ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು. ಮೂರನೇ ದಿನದ ಎಕೋ ಒಂದು, ಮೆಟ್ಟಿಲು ಹತ್ತಿದರೆ ಏದುಸಿರು ಇನ್ನೊಂದು. ಅಟ್ಯಾಕ್ ಆದ ಮೊದಲ ದಿನಗಳಲ್ಲಿ ಹೃದಯದ ಸ್ನಾಯು ಪೂರ್ತಿ ಸತ್ತಿರುವುದಿಲ್ಲ. ಒಂದಷ್ಟು ಭಾಗ ಸತ್ತಿರುತ್ತದೆ, ಒಂದಷ್ಟು ಭಾಗಕ್ಕೆ ಮಂಕು ಬಡಿದಿರುತ್ತದೆ. ರಕ್ತ ಮತ್ತೆ ಹರಿಯತೊಡಗಿದ ಮೇಲೆ ಈ ಮಂಕು ಬಡಿದ ಭಾಗ ವಾರಗಳು ಕಳೆದಂತೆ ಚೇತರಿಸಿಕೊಳ್ಳಬಹುದು. ಹಾಗಾಗಿ ಮೂರನೇ ದಿನದ 38 ಇವತ್ತು 48 ಆಗಿರಬಹುದು, 38ರಲ್ಲೇ ಇರಬಹುದು, 30ಕ್ಕೆ ಇಳಿದೂ ಇರಬಹುದು. ಮೂರಕ್ಕೂ ಮುಂದಿನ ದಾರಿ ಬೇರೆ ಬೇರೆ. ನಾಲ್ಕು ತಿಂಗಳಾದರೂ ಎಕೋ ಮತ್ತೆ ಮಾಡಿಸಿದ ಬಗ್ಗೆ ನೀವು ಬರೆದಿಲ್ಲ. ಮಾಡಿಸಿಲ್ಲವಾದರೆ ಟ್ರಯಲ್ ಹುಡುಕುವ ಮೊದಲು ಅದನ್ನು ಮಾಡಿಸಿ. ಏದುಸಿರಿನ ವಿಷಯವನ್ನು ಈ ವಾರವೇ ನಿಮ್ಮ ಡಾಕ್ಟರಿಗೆ ಹೇಳಿ. ಕೂತಲ್ಲೇ ಏದುಸಿರು ಬಂದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ, ಮತ್ತೆ ಎದೆ ನೋವು ಬಂದರೆ, ವಾರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪಂಪಿಂಗ್ 40 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ, ಆಗಲೇ ಟ್ರಯಲ್‌ಗಳನ್ನು ದಾಟಿ ಬಂದು ಪ್ರಯೋಜನ ಸಾಬೀತಾದ ನಾಲ್ಕು ಬಗೆಯ ಔಷಧಗಳಿವೆ. ರಕ್ತನಾಳ ಸಡಿಲಿಸಿ ಹೃದಯದ ಹೊರೆ ಇಳಿಸುವ ಒಂದು ಗುಂಪು. ಹೃದಯದ ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಇನ್ನೊಂದು. ದೇಹದಲ್ಲಿ ಉಪ್ಪು, ನೀರು ಸೇರಿಕೊಳ್ಳದಂತೆ ನೋಡುವ ಸ್ಪೈರೊನೊಲ್ಯಾಕ್ಟೋನ್ ಜಾತಿಯದು ಮೂರನೆಯದು. ಮೊದಲು ಸಕ್ಕರೆ ಕಾಯಿಲೆಗೆಂದು ಬಂದು ಆಮೇಲೆ ಹೃದಯಕ್ಕೂ ಒಳ್ಳೆಯದೆಂದು ಗೊತ್ತಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನಾಲ್ಕನೆಯದು. ಈ ನಾಲ್ಕರಲ್ಲಿ ಅಪ್ಪನಿಗೆ ಯಾವುವು ಸಿಗುತ್ತಿವೆ? ಸಿಗದೆ ಇರುವುದಕ್ಕೆ ಕಾರಣ ಏನು, ಬಿಪಿ ಕಮ್ಮಿಯಾ, ಕಿಡ್ನಿ ತೊಂದರೆಯಾ, ಅಥವಾ ಯಾರೂ ಗಮನಿಸಲಿಲ್ಲವಾ? ಇದನ್ನು ಕೇಳಲು ಸಂಕೋಚ ಬೇಡ. ಟ್ರಯಲ್‌ನಿಂದ ಸಿಗಬಹುದಾದ ಲಾಭ ಊಹೆ. ಇದು ಕೈಗೆ ಸಿಗುವ ಲಾಭ. ಜೊತೆಗೆ ತಜ್ಞರ ಕಣ್ಗಾವಲಿನಲ್ಲಿ ನಡಿಗೆ, ವ್ಯಾಯಾಮ ಕಲಿಸುವ ಹೃದಯ ಪುನಶ್ಚೇತನ ಕಾರ್ಯಕ್ರಮ ಸಿಕ್ಕರೆ ಖಂಡಿತ ಸೇರಿಸಿ. ಟ್ರಯಲ್ ನಡೆಸುವವರೂ ಇದನ್ನೇ ಕೇಳುತ್ತಾರೆ. ಪಂಪಿಂಗ್ ಕಮ್ಮಿ ಇರುವವರ ಎಷ್ಟೋ ಟ್ರಯಲ್‌ಗಳಲ್ಲಿ ಸೇರುವ ಮುನ್ನ ಮಾಮೂಲಿ ಔಷಧಗಳು ಕೆಲವು ವಾರ ಸ್ಥಿರವಾಗಿ ನಡೆದಿರಬೇಕು ಎಂಬ ನಿಯಮವೇ ಇರುತ್ತದೆ.

ಇನ್ನು ಹುಡುಕುವ ಬಗೆ. ಹಾರ್ಟ್ ಅಟ್ಯಾಕ್ ಟ್ರಯಲ್‌ಗಳ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಸಮಯ. ಕ್ಯಾನ್ಸರ್ ಟ್ರಯಲ್‌ಗಳಲ್ಲಿ ವಾರಗಟ್ಟಲೆ ಯೋಚಿಸಲು ಎಷ್ಟೋ ಸಲ ಪುರುಸೊತ್ತು ಸಿಗುತ್ತದೆ. ಇಲ್ಲಿ ಕೆಲವು ಬಾಗಿಲುಗಳು ಗಂಟೆಗಳಲ್ಲಿ ಮುಚ್ಚುತ್ತವೆ. ಸ್ಟೆಂಟ್ ಹಾಕುವಾಗಲೇ ಪರೀಕ್ಷಿಸುವ ಟ್ರಯಲ್‌ಗಳಿವೆ. ಒಳ್ಳೆಯ ಕೊಲೆಸ್ಟರಾಲ್‌ನ ಮುಖ್ಯ ಪ್ರೋಟೀನನ್ನು ರಕ್ತನಾಳಕ್ಕೆ ಹರಿಸಿ ನೋಡಿದ 'ಏಜಿಸ್-2' ಟ್ರಯಲ್‌ನಲ್ಲಿ ಮೊದಲ ಡ್ರಿಪ್ ಐದು ದಿನದೊಳಗೆ ಶುರುವಾಗಬೇಕಿತ್ತು. ಕಾಲ್ಚಿಸಿನ್ ಎಂಬ ಹಳೆಯ ಗೌಟ್ (ಕೀಲು ಬಾವು) ಮಾತ್ರೆಯ 'ಕಾಲ್ಕಾಟ್' ಟ್ರಯಲ್‌ಗೆ 30 ದಿನದ ಗಡುವು ಇತ್ತು. ಉರಿಯೂತ ತಗ್ಗಿಸುವ ಇಂಜೆಕ್ಷನ್ ಪರೀಕ್ಷಿಸಿದ 'ಕ್ಯಾಂಟೋಸ್' ಟ್ರಯಲ್‌ನಲ್ಲಿ ಇದಕ್ಕೆ ಉಲ್ಟಾ, ಅಟ್ಯಾಕ್ ಆಗಿ ಒಂದು ತಿಂಗಳಾದರೂ ಕಳೆದಿರಬೇಕಿತ್ತು. ಈ ಮೂರೂ ಮುಗಿದಿವೆ, ಸಮಯದ ಲೆಕ್ಕ ಹೇಗಿರುತ್ತದೆ ಎಂದು ತೋರಿಸಲು ಹೇಳಿದೆ. ನಾಲ್ಕು ತಿಂಗಳಾದ ನಿಮ್ಮ ಅಪ್ಪನಿಗೆ ಮೊದಲ ಬಗೆಯ ಬಾಗಿಲು ಮುಚ್ಚಿದೆ. ಕೊನೆಯ ಬಗೆಯದು ತೆರೆದಿದೆ. ಮತ್ತೆ ಅಟ್ಯಾಕ್ ಆಗದಂತೆ ತಡೆಯುವ ಔಷಧಗಳು, ಕೊಲೆಸ್ಟರಾಲ್ ಮತ್ತು ಅದನ್ನು ಹೊತ್ತು ಸಾಗುವ ಲೈಪೋಪ್ರೋಟೀನ್-ಎ ಎಂಬ ಕಣವನ್ನು ಇಳಿಸುವ ಹೊಸ ಇಂಜೆಕ್ಷನ್‌ಗಳು, ಪಂಪಿಂಗ್ ಕಮ್ಮಿ ಇರುವವರಿಗಾಗಿ ನಡೆಯುವ ಹಾರ್ಟ್ ಫೇಲ್ಯೂರ್ ಟ್ರಯಲ್‌ಗಳು, ವ್ಯಾಯಾಮದ ಟ್ರಯಲ್‌ಗಳು, ಈ ದಿಕ್ಕಿನಲ್ಲಿ ಹುಡುಕಿ.

ಹುಡುಕುವ ಜಾಗ ರಿಜಿಸ್ಟ್ರಿಗಳು. ಟ್ರಯಲ್ ಶುರು ಮಾಡುವ ಮೊದಲೇ ಅದನ್ನು ಎಲ್ಲರೂ ನೋಡುವಂತೆ ದಾಖಲಿಸಬೇಕು ಎನ್ನುವುದು ಈಗಿನ ರೂಢಿ. 2005ರಿಂದ ಮುಖ್ಯ ವೈದ್ಯಕೀಯ ಪತ್ರಿಕೆಗಳು, ದಾಖಲಾಗದ ಟ್ರಯಲ್‌ಗಳ ಫಲಿತಾಂಶ ಪ್ರಕಟಿಸುವುದಿಲ್ಲ ಎಂದು ನಿಯಮ ಮಾಡಿಕೊಂಡವು. ಅಮೆರಿಕದ ಕ್ಲಿನಿಕಲ್ ಟ್ರಯಲ್ಸ್ ಡಾಟ್ ಗವ್ 2000ದಿಂದ ಇದೆ, ಬೇರೆ ದೇಶಗಳ ಟ್ರಯಲ್‌ಗಳೂ ಅದರಲ್ಲಿ ಸಿಗುತ್ತವೆ. ಭಾರತದ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್‌ಗಳ ರಿಜಿಸ್ಟ್ರಿ) 2007ರಿಂದ ಇದೆ. ಹಲವು ದೇಶಗಳ ರಿಜಿಸ್ಟ್ರಿಗಳನ್ನು ಒಟ್ಟಿಗೆ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ ಪುಟ ಇದೆ. ಎಲ್ಲವೂ ಉಚಿತ.

ಈ ಪುಟಗಳು ಇಂಗ್ಲಿಷಿನಲ್ಲಿವೆ. ಅಲ್ಲಿ ಹಾರ್ಟ್ ಅಟ್ಯಾಕ್ ಅಂತ ಹುಡುಕಿದರೆ ಎಲ್ಲವೂ ಸಿಗದೆ ಹೋಗಬಹುದು. 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಎಂಬ ವೈದ್ಯಕೀಯ ಹೆಸರಿನಿಂದ ಹುಡುಕಿ. ಅಪ್ಪನ ಡಿಸ್ಚಾರ್ಜ್ ಸಮರಿಯಲ್ಲಿ 'ಸ್ಟೆಮಿ' ಅಥವಾ 'ಎನ್‌ಸ್ಟೆಮಿ' ಎಂದು ಅಟ್ಯಾಕ್‌ನ ಬಗೆ ಬರೆದಿರುತ್ತಾರೆ, ಆ ಪದವನ್ನೂ ಹಾಕಿ ನೋಡಿ. 'ರಿಕ್ರೂಟಿಂಗ್' ಎಂದು ಗುರುತಿರುವುದನ್ನು ಮಾತ್ರ ತೆಗೆಯಿರಿ. ಉಳಿದವುಗಳಲ್ಲಿ ಸೇರ್ಪಡೆ ಮುಗಿದಿರುತ್ತದೆ, ನಿಂತಿರುತ್ತದೆ ಅಥವಾ ಇನ್ನೂ ಶುರುವಾಗಿರುವುದಿಲ್ಲ. ಆಮೇಲೆ ಯಾರು ಸೇರಬಹುದು, ಯಾರು ಸೇರಬಾರದು ಎಂಬ ಪಟ್ಟಿ ಓದಿ. ವಯಸ್ಸು, ಅಟ್ಯಾಕ್ ಆಗಿ ಎಷ್ಟು ದಿನ, ಪಂಪಿಂಗ್ ಎಷ್ಟು, ಕಿಡ್ನಿ ಹೇಗಿದೆ, ಸಕ್ಕರೆ ಕಾಯಿಲೆ ಇದೆಯಾ, ರಕ್ತಸ್ರಾವ ಆಗಿತ್ತಾ, ಹೆಚ್ಚಿನ ಟ್ರಯಲ್‌ಗಳು ಇಷ್ಟರಲ್ಲೇ ಸುತ್ತುತ್ತವೆ. ರಿಜಿಸ್ಟ್ರಿಯಲ್ಲಿ 'ರಿಕ್ರೂಟಿಂಗ್' ಎಂದಿದ್ದರೂ ಕೆಲವೊಮ್ಮೆ ಸೇರ್ಪಡೆ ನಿಂತು ತಿಂಗಳುಗಳಾಗಿರುತ್ತವೆ, ಯಾರೂ ಅಲ್ಲಿ ಬದಲಾಯಿಸಿರುವುದಿಲ್ಲ. ಅಲ್ಲಿ ಕೊಟ್ಟ ಸಂಪರ್ಕಕ್ಕೆ ಕೇಳಿಯೇ ಖಚಿತ ಮಾಡಿಕೊಳ್ಳಿ.

ಸಿಕ್ಕದ್ದನ್ನು ಮುದ್ರಿಸಿಕೊಂಡು ನಿಮ್ಮ ಹೃದ್ರೋಗ ತಜ್ಞರ ಬಳಿ ಹೋಗಿ. ಡಿಸ್ಚಾರ್ಜ್ ಸಮರಿ, ಆಂಜಿಯೋಗ್ರಾಮ್ ವರದಿ, ಎರಡೂ ಎಕೋ, ಇತ್ತೀಚಿನ ರಕ್ತ ಪರೀಕ್ಷೆ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ನಿಮ್ಮ ತಜ್ಞರೇ ಆ ಟ್ರಯಲ್ ನಡೆಸುತ್ತಿದ್ದರೆ, ಅದರಲ್ಲಿ ಇಲ್ಲದ ಇನ್ನೊಬ್ಬ ಡಾಕ್ಟರ ಅಭಿಪ್ರಾಯವನ್ನೂ ಕೇಳಿ. ನನ್ನ ಟ್ರಯಲ್‌ಗೆ (ನಾನೂ ಟ್ರಯಲ್ ನಡೆಸಿದ ಡಾಕ್ಟರೇ) ಬಂದವರಿಗೂ ನಾನು ಇದನ್ನೇ ಹೇಳುತ್ತಿದ್ದೆ. ಜನ ಸೇರಲಿ ಎಂಬ ಆಸೆ ಟ್ರಯಲ್ ನಡೆಸುವವರಿಗೆ ಇದ್ದೇ ಇರುತ್ತದೆ, ನನಗೂ ಇತ್ತು.

ಆ ಸ್ಟೆಮ್ ಸೆಲ್ ಜಾಹೀರಾತಿಗೆ ಬರೋಣ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಾರ್ಟ್ ಅಟ್ಯಾಕ್ ಆದವರ, ಸ್ಟೆಮ್ ಸೆಲ್ ಇರುವ ಮೂಳೆ ಮಜ್ಜೆಯ ಕೋಶಗಳನ್ನು ಹೃದಯಕ್ಕೆ ಸೇರಿಸಿದರೆ ಸಾವು ಕಮ್ಮಿಯಾಗುತ್ತದಾ ಎಂದು ಪರೀಕ್ಷಿಸಲು ಯುರೋಪಿನಲ್ಲಿ 'ಬಾಮಿ' ಎಂಬ ದೊಡ್ಡ ಟ್ರಯಲ್ ಶುರು ಮಾಡಿದ್ದರು. 3,000 ಜನರನ್ನು ಸೇರಿಸುವ ಯೋಜನೆ ಇತ್ತು, ಸಿಕ್ಕವರು 375. ಅಷ್ಟರಿಂದ ಹೌದು ಅಥವಾ ಇಲ್ಲ ಎಂದು ಹೇಳಲು ಆಗಲಿಲ್ಲ. ಅಂದರೆ ಇದು ಸಾಬೀತಾದ ಚಿಕಿತ್ಸೆ ಅಲ್ಲ. ಟ್ರಯಲ್ ಎಂದು ಹೇಳಿಕೊಂಡು ಪರೀಕ್ಷಿಸಬೇಕಾದ ಚಿಕಿತ್ಸೆಗೇ ದೊಡ್ಡ ಮೊತ್ತ ಕೇಳಿದರೆ, ಹೋಲಿಸಿ ನೋಡಲು ಇನ್ನೊಂದು ಗುಂಪೇ ಇಲ್ಲದಿದ್ದರೆ, 'ಖಂಡಿತ ಗುಣವಾಗುತ್ತದೆ' ಅಂದರೆ, ಇವತ್ತೇ ಹೇಳಿ ಅಂತ ಅವಸರ ಮಾಡಿದರೆ, ಅಲ್ಲಿಂದ ಎದ್ದು ಬನ್ನಿ. ನೆಟ್ಟಗಿನ ಟ್ರಯಲ್‌ನಲ್ಲಿ ಪರೀಕ್ಷೆಯ ಔಷಧವನ್ನು ಮತ್ತು ಅದಕ್ಕಾಗಿಯೇ ಮಾಡುವ ಹೆಚ್ಚಿನ ಪರೀಕ್ಷೆಗಳನ್ನು ಸಾಮಾನ್ಯವಾಗಿ ನಡೆಸುವವರೇ ಭರಿಸುತ್ತಾರೆ. ಅವರ ಬಳಿ ರಿಜಿಸ್ಟ್ರಿ ಸಂಖ್ಯೆ ಕೇಳಿ. ಅಮೆರಿಕದ ರಿಜಿಸ್ಟ್ರಿಯದಾದರೆ ಎನ್‌ಸಿಟಿ ಎಂಬ ಅಕ್ಷರಗಳ ನಂತರ ಎಂಟು ಅಂಕಿ ಇರುತ್ತವೆ. ಸಂಖ್ಯೆ ಇದೆ ಅಂದ ಮಾತ್ರಕ್ಕೆ ನಂಬಲೂಬೇಡಿ. ರಿಜಿಸ್ಟ್ರಿಯಲ್ಲಿ ಹೆಸರಿದ್ದರೆ ಸರ್ಕಾರ ಪರೀಕ್ಷಿಸಿ ಸರಿ ಅಂದಿದೆ ಎಂದು ಅರ್ಥವಲ್ಲ, ಆ ರಿಜಿಸ್ಟ್ರಿಯೇ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಯಾವ ಎಥಿಕ್ಸ್ ಕಮಿಟಿ ಒಪ್ಪಿದೆ, ಅದರ ಪತ್ರ ಎಲ್ಲಿದೆ ಎಂದು ಕೇಳಿ.

ಒಳ್ಳೆಯ ಟ್ರಯಲ್ ಸಿಕ್ಕಿತು ಅಂದುಕೊಳ್ಳೋಣ. ಒಪ್ಪಿಗೆ ಪತ್ರವನ್ನು ಮನೆಗೆ ತನ್ನಿ. ತುರ್ತಿನಲ್ಲಿ ನಡೆಯುವ ಟ್ರಯಲ್ ಅಲ್ಲದಿದ್ದರೆ ಮನೆಗೆ ಒಯ್ದು ಓದಲು ಬಿಡಲೇಬೇಕು. ನನ್ನ ಬಳಿ ಬಂದಿದ್ದ ಒಬ್ಬ ಹಿರಿಯರನ್ನು ನಾನು ಮರೆಯುವುದಿಲ್ಲ. ಒಂದು ವಾರ ಬಿಟ್ಟು ವಾಪಸ್ ಬಂದಾಗ ಅವರ ಒಪ್ಪಿಗೆ ಪತ್ರದ ಅಂಚುಗಳೆಲ್ಲ ಪೆನ್ಸಿಲ್ ಗುರುತಿನಿಂದ ತುಂಬಿತ್ತು. ಹನ್ನೊಂದನೇ ಪುಟದಲ್ಲಿ ಒಂದು ಪದಕ್ಕೆ ಎರಡು ಸುತ್ತು ಗೆರೆ ಎಳೆದಿದ್ದರು. 'ರಕ್ತಸ್ರಾವ' ಎಂಬ ಪದ. 'ಇದು ಹಲ್ಲುಜ್ಜುವಾಗ ಬರುವ ರಕ್ತವಾ, ತಲೆಯೊಳಗೆ ಆಗುವ ರಕ್ತಸ್ರಾವವಾ? ಎರಡಕ್ಕೂ ಒಂದೇ ಪದ ಹಾಕಿದ್ದೀರಿ' ಎಂದು ಕೇಳಿದರು. ಅವರು ಹೇಳಿದ್ದು ಸರಿ ಇತ್ತು. ಎಷ್ಟೋ ಜನ ಸಹಿ ಹಾಕಿ ಹೋಗಿದ್ದ ಪುಟ ಅದು. ನಾವು ಎಥಿಕ್ಸ್ ಕಮಿಟಿಗೆ ಬರೆದು ಆ ಭಾಗವನ್ನು ಬಿಡಿಸಿ ಬರೆಸಿದೆವು. ನೀವೂ ಪೆನ್ಸಿಲ್ ಹಿಡಿದೇ ಓದಿ.

ಅಪಾಯಗಳ ವಿಷಯದಲ್ಲಿ ಯಾವ ಬಗೆಯ ಔಷಧಕ್ಕೆ ಯಾವ ತೊಂದರೆ ಎನ್ನುವ ಅಂದಾಜು ಇರಲಿ. ಹೆಪ್ಪುಗಟ್ಟದಂತೆ ತಡೆಯುವ ಔಷಧವಾದರೆ ರಕ್ತಸ್ರಾವ. ಉರಿಯೂತ ತಗ್ಗಿಸುವ ಔಷಧವಾದರೆ ಸೋಂಕು. 10,061 ಜನರ ಮೇಲೆ ನಡೆದ ಕ್ಯಾಂಟೋಸ್‌ನಲ್ಲಿ ಹೃದಯದ ತೊಂದರೆಗಳು ಕಮ್ಮಿಯಾದವು, ಆದರೆ ಸೋಂಕಿನಿಂದ ಸಾಯುವವರು ಜಾಸ್ತಿಯಾದರು. ಕಣ್ಣಿಗೆ ಕಾಣದ ಇನ್ನೊಂದು ಹೊರೆ ಓಡಾಟ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಹೋಗಬೇಕು, ರಕ್ತ ಕೊಡಬೇಕು, ಉಳಿದ ಮಾತ್ರೆ ಎಣಿಸಿ ವಾಪಸ್ ಕೊಡಬೇಕು, ಕೆಲವೊಮ್ಮೆ ವರ್ಷಗಟ್ಟಲೆ. ಜೊತೆಗೆ ಹೋಗುವವರು ಯಾರು ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಔಷಧದಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು, ಪರಿಹಾರ ಇದೆಯಾ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು, ಓಡಾಟದ ಖರ್ಚು ಕೊಡುತ್ತಾರಾ, ಟ್ರಯಲ್ ಮುಗಿದ ಮೇಲೆ ಔಷಧ ಮುಂದುವರಿಯುತ್ತದಾ, ಈ ಉತ್ತರಗಳೆಲ್ಲ ಆ ಪತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಬರೆದುಕೊಡಿ ಅನ್ನಿ.

ಟ್ರಯಲ್ ಅಂದರೆ ಯಾವಾಗಲೂ ಹೊಸ ಔಷಧ ಅಲ್ಲ. ಕೆಲವು ಟ್ರಯಲ್‌ಗಳು ಹಳೆಯ ಚಿಕಿತ್ಸೆ ಇನ್ನೂ ಬೇಕಾ ಅಂತಲೂ ಕೇಳುತ್ತವೆ. ಹಾರ್ಟ್ ಅಟ್ಯಾಕ್ ಆದವರಿಗೆಲ್ಲ ಮೂಗಿಗೆ ಆಕ್ಸಿಜನ್ ಇಡುವುದು ದಶಕಗಳ ಅಭ್ಯಾಸವಾಗಿತ್ತು. ಸ್ವೀಡನ್‌ನಲ್ಲಿ 6,629 ಜನರ ಮೇಲೆ ನಡೆದ ಟ್ರಯಲ್‌ನ ಫಲಿತಾಂಶ 2017ರಲ್ಲಿ ಬಂತು. ರಕ್ತದಲ್ಲಿ ಆಕ್ಸಿಜನ್ ಸಾಕಷ್ಟು ಇದ್ದವರಿಗೆ ಅದರಿಂದ ಲಾಭವಿಲ್ಲ ಎಂದು ಗೊತ್ತಾಯಿತು. ಪಂಪಿಂಗ್ ಚೆನ್ನಾಗಿರುವವರಿಗೆ ಬೀಟಾ ಬ್ಲಾಕರ್ ಬೇಕೇಬೇಕಾ ಎಂಬ ಪ್ರಶ್ನೆಗೆ 2024ರ 'ರೆಡ್ಯೂಸ್-ಎಎಂಐ' ಲಾಭ ಕಾಣಲಿಲ್ಲ ಅಂದಿತು. ಮರುವರ್ಷ ನಾರ್ವೆ ಮತ್ತು ಡೆನ್ಮಾರ್ಕ್‌ನ ಟ್ರಯಲ್ ಸ್ವಲ್ಪ ಲಾಭ ಇದೆ ಅಂದಿತು. ಇದನ್ನು ಓದಿ ಅಪ್ಪನ ಬೀಟಾ ಬ್ಲಾಕರ್ ನಿಲ್ಲಿಸಬೇಡಿ. ಅವರ ಪಂಪಿಂಗ್ 38 ಇತ್ತು, ಈ ಪ್ರಶ್ನೆ ಅವರದಲ್ಲ. ಕಾಲ್ಚಿಸಿನ್ ಕಥೆಯೂ ಹೀಗೇ. 2019ರಲ್ಲಿ 4,745 ಜನರ ಟ್ರಯಲ್‌ನಲ್ಲಿ ಲಾಭ ಕಂಡಿತು, ಆಮೇಲೆ 7,062 ಜನರ ಇನ್ನೊಂದು ಟ್ರಯಲ್‌ನಲ್ಲಿ ಕಾಣಲಿಲ್ಲ. ಒಂದು ಟ್ರಯಲ್‌ನ ಸುದ್ದಿ ನೋಡಿ ಮಾತ್ರೆ ಶುರು ಮಾಡುವುದಾಗಲಿ, ಬಿಡುವುದಾಗಲಿ ಬೇಡ ಅನ್ನುವುದು ಇದಕ್ಕೇ.

ಸಹಿ ಹಾಕಿದ ಮೇಲೂ ಸೇರಿದಂತೆ ಅಲ್ಲ. ಮೊದಲು ರಕ್ತ, ಇಸಿಜಿ, ಎಕೋ ಮಾಡಿ ನೋಡುತ್ತಾರೆ. ಒಂದು ಸಂಖ್ಯೆ ಸ್ವಲ್ಪ ಆಚೀಚೆ ಆದರೂ ಆಗುವುದಿಲ್ಲ ಅನ್ನುತ್ತಾರೆ. ಆಗ ಮನೆಯವರ ಮುಖ ಬಾಡುವುದನ್ನು ಬಹಳ ಸಲ ನೋಡಿದ್ದೇನೆ. ಆಯ್ಕೆಯಾಗಲಿಲ್ಲ ಅಂದರೆ ರೋಗ ಕೈಮೀರಿದೆ ಅಂತಲ್ಲ. ಎಷ್ಟೋ ಸಲ ರೋಗಿ ಟ್ರಯಲ್‌ಗೆ ಬೇಕಾದ್ದಕ್ಕಿಂತ ಚೆನ್ನಾಗಿರುತ್ತಾನೆ, ಅಷ್ಟೇ.

ಸೇರಿದರೆ, ಟ್ರಯಲ್‌ನವರು ಕೊಡುವ ಕಾರ್ಡ್ ಅಪ್ಪನ ಜೇಬಿನಲ್ಲೇ ಇರಲಿ. ಹಲ್ಲು ಕೀಳಿಸಲು ಹೋದರೂ ತೋರಿಸಬೇಕು. ತುರ್ತು ಬಂದರೆ ಅವರು ತಿನ್ನುತ್ತಿರುವುದು ನಿಜವಾದ ಔಷಧವಾ, ಸಪ್ಪೆಯಾ ಎಂದು ತೆರೆದು ನೋಡುವ ವ್ಯವಸ್ಥೆ ಇರುತ್ತದೆ. ಬೇಡ ಅನಿಸಿದರೆ ಸುಮ್ನೆ ಮಾತ್ರೆ ಬಿಟ್ಟು ಮನೆಯಲ್ಲಿ ಕೂರಬೇಡಿ, ಹೇಳಿ ಬಿಡಿ. ಕೆಲವು ಔಷಧಗಳನ್ನು ಒಮ್ಮೆಲೇ ನಿಲ್ಲಿಸಬಾರದು. ಮಾತ್ರೆ ಬಿಟ್ಟ ಮೇಲೂ ಹೇಗಿದ್ದೀರಿ ಎಂದು ಆಗಾಗ ಫೋನ್ ಮಾಡಲು ಒಪ್ಪಿದರೆ ಸಾಕು, ಅವರ ಮಾಹಿತಿ ವ್ಯರ್ಥವಾಗುವುದಿಲ್ಲ.

ಇನ್ನೊಂದೇ ವಿಷಯ. ನಿಮ್ಮ ಪತ್ರದಲ್ಲಿ 'ನಾವು' ತುಂಬಾ ಇದೆ. ನಾವು ಹೆದರಿದೆವು, ನಾವು ಬೇಡ ಅಂದೆವು. ಅಪ್ಪನ ಮಾತು ಒಂದೇ, 'ನೀವೇ ನೋಡಿ'. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಅವರು, ಮಾತ್ರೆ ನುಂಗಬೇಕಾದವರೂ ಅವರೇ. ಹಾರ್ಟ್ ಅಟ್ಯಾಕ್ ಆದ ಮೇಲೆ ಎಷ್ಟೋ ಜನ ಹೀಗೆ ಮಾತು ಕಮ್ಮಿ ಮಾಡುತ್ತಾರೆ. ಕೆಲವರಲ್ಲಿ ಅದು ಖಿನ್ನತೆಯೂ ಆಗಿರುತ್ತದೆ. ಎಕೋಗೆ ಹೋದ ದಿನ ಅದನ್ನೂ ಡಾಕ್ಟರಿಗೆ ಹೇಳಿ. ರಿಪೋರ್ಟ್ ಬಂದ ಮೇಲೆ ಟ್ರಯಲ್ ಹಾಳೆಗಳನ್ನು ಅವರ ಮುಂದೆ ಇಟ್ಟು, ನೀವು ಓದಿ, ಅವರು ಕೇಳಲಿ. ನಡುವೆ ಒಂದು ಪ್ರಶ್ನೆ ಅವರ ಬಾಯಿಂದ ಬರುವವರೆಗೆ ಕಾಯಿರಿ. ಆ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡು, ಟ್ರಯಲ್ ಡಾಕ್ಟರ ಬಳಿ ಮೊದಲು ಅದನ್ನೇ ಕೇಳಿ.